ಮ್ಯಾಚಿಂಗ್

ಕಪಡಾ ಬಜಾರಿನಾಗ ನನ್ನ ಅಂಗಡಿ, ಅಗಲ ಏಳು ಫೂಟು.
ಮೂರು ಗ್ವಾಡಿಗೂ ಅಸ್ತರಿನ ಥಾನು, ನೆಲದಿಂದ ಅಟ್ಟದ ತನಕ.
ರಾಣಿ, ರಾಮಾ, ಮೆಹಂದಿ, ಬದನಿಕಾಯಿ,
ನವಿಲ ಕೊರಳು, ಉಳ್ಳಾಗಡ್ಡಿ ಸಿಪ್ಪಿ.
ಕಣ್ಣು ಕಟ್ಟಿ ಕೇಳಿದರೂ ಕೈ ತಾನೇ ಹೋಗತದ.
ಇಪ್ಪತ್ತೆರಡು ವರ್ಷ ಆತು,
ಸಿಗಲಿಲ್ಲ ಅಂತ ಸೀರಿ ಮಡಚಿಕೊಂಡು
ಒಬ್ಬ ಹೆಣ್ಮಗಳೂ ಹೋಗಿಲ್ಲ.

ಖುರ್ಷೀದ್ ಆಪಾನ ಪಾಮೇರಿಯನ್ ನಾಕು ಮರಿ ಹಾಕಿತು.
ಮೂರು ಬೆಳ್ಳಗ, ಬಿಡಿಸಿದ ಹತ್ತಿ ಹಂಗ.
ನಾಕನೇದನ್ನ ಸೆರಗಿನಾಗ ಮುಚ್ಚಿ ತಂದಳು,
ಕಳವಿನ ಮಾಲು ತಂದಂಗ.
"ಇದಕ್ಕ ಏನಂತಾರ, ನೀನೇ ನೋಡವಾ.
ನಿನಗ ಬಣ್ಣ ತಿಳೀತದ."

ಕರೀದಲ್ಲ. ಬೂದಿ ಅನ್ನಾಕ ಬೂದಿಗಿಂತ ತಂಪು.
ಆನಿ ಬಣ್ಣ ಅನಬೇಕಂದ್ರ
ಅಂಗೈಯಾಗ ಕೂತು ನಡಗತಿತ್ತು.
ಮೂಗು ಸುದ್ದಾ ಅದೇ ಬಣ್ಣ,
ತುಟಿ, ಕಣ್ಣಿನ ಅಂಚು, ಉಗುರಿನ ಬುಡ,
ಒಂದೇ ಬಕೆಟ್ಟಿನಾಗ ಅದ್ದಿ ತೆಗೆದಂಗ.

ಬಿಳೀವು ವಾರದಾಗ ಹೋದವು.
ಇದನ್ನ ನೋಡಿದವರು
"ರೋಗ ಏನರೆ ಅದ ಏನು?" ಅಂದು ಕೈ ಒರೆಸಿಕೊಂಡರು,
ಮುಟ್ಟಿರದಿದ್ದರೂ.

ಆಮ್ಯಾಲ ಸೈಫನ್ ಬಂದ, ಹುಮನಾಬಾದ್ ಬೇಸಿನವ,
ಫೋನು ಉಜ್ಜತಾ ಉಜ್ಜತಾ ನಿಂತ.
"ಆಪಾ, ಇದು ಬ್ಲೂ! ಸಾವಿರಕ್ಕ ಒಂದು.
ಹೈದರಾಬಾದಿನಾಗ ನಲವತ್ತು ಸಾವಿರ ಕಣ್ಣು ಮುಚ್ಚಿ ಕೊಡ್ತಾರ."
ಅವತ್ತಿನಿಂದ ಅದರ ಹಾಲಿನಾಗ ಕೆನಿ ಬಂತು.

ಬ್ಲೂ?
ನನ್ನ ಹತ್ರ ಮೂವತ್ತೊಂದು ನೀಲಿ ಅವ.
ಒಂದೊಂದೇ ಥಾನು ಬಿಚ್ಚಿ ಬೆನ್ನಿಗೆ ಹಿಡಿದೆ.
ಟ್ಯೂಬ್‌ಲೈಟ್ ನಂಬಬ್ಯಾಡ್ರಿ, ಬಿಸಿಲಿಗೆ ಒಯ್ದು ನೋಡ್ರಿ,
ಗಿರಾಕಿಗೆ ನಾನೇ ಹೇಳೂ ಮಾತು.
ಒಯ್ದೆ. ಬಿಸಿಲಿನಾಗ ಅದು ಇನ್ನೊಂದೇ ಬಣ್ಣ ಆಗಿ
ಆಕಳಿಸಿತು.
ನೇವಿ ಕೂಡಲಿಲ್ಲ, ಆಕಾಶ ಕೂಡಲಿಲ್ಲ, ಶಾಯಿ ಕೂಡಲಿಲ್ಲ.
"ಸಿಗೂದಿಲ್ಲ ಆಪಾ," ಅಂದೆ.
ನನ್ನ ಬಾಯಿಗೇ ಹೊಸದಿತ್ತು ಆ ಮಾತು.

ಮಧ್ಯಾಹ್ನ. ಆಗಷ್ಟೇ ನೆಲ ಒರೆಸಿದ್ದೆ.
ಮರಿ ಕೈಯಿಂದ ಜಾರಿ ಇಳೀತು,
ಎರಡು ಹೆಜ್ಜಿ ಹಾಕಿತು, ಇಲ್ಲವಾಯಿತು.
ಆಪಾ ಗಲ್ಲಿ ನೋಡಿದಳು, ಗಟಾರ ನೋಡಿದಳು,
ಥಾನಿನ ಸಂದಿಗೆ ಕೈ ಹಾಕಿದಳು.
ನಾನು ಕೆಳಗ ನೋಡಿದೆ.
ಶಹಾಬಾದಿನ ಫರಸಿ, ಇನ್ನೂ ಹಸಿ ಹಸಿ.
ಅದರೊಳಗಿನ ಒಂದು ತುಂಡು
ಉಸುರು ಆಡತಿತ್ತು.

ಇಪ್ಪತ್ತೆರಡು ವರ್ಷ ಇದರ ಮ್ಯಾಲ ನಿಂತು
ಬರೇ ಗ್ವಾಡಿ ನೋಡೀನಿ.

ಸಂಜಿಗೆ ಹೈದರಾಬಾದಿನವರ ಫೋನು.
"ದೊಡ್ಡದಾದ ಮ್ಯಾಲ ಬಣ್ಣ ಹೋಗ್ತದೇನು?"
ಆಪಾ ನನ್ನ ಮಾರಿ ನೋಡಿದಳು.
ದಿನಾ ಹತ್ತು ಸಲ ಕೊಡೂ ಉತ್ತರ, ಬಾಯಾಗೇ ಇತ್ತು.
"ಮೊದಲನೇ ಒಗತಕ್ಕ ಒಂದೀಟು ಬಿಡ್ತದ್ರಿ."

ಆ ಕಡಿಂದ ಮಾತಿಲ್ಲ.
ಸೈಫನ್ ಹಣಿ ಬಡಕೊಂಡ.
ಆಪಾ ಫೋನು ಸೆರಗಿಗೆ ಒರೆಸಿ ಇಟ್ಟಳು,
ಕಾಲಿಡೂ ಮುಂಚೆ ನೆಲಾನ ಒಮ್ಮೆ ದಿಟ್ಟಿಸಿ
ಮೆಲ್ಲಕ ದಾಟಿ
ಹಾಲು ತರಾಕ ಹೋದಳು.