ಚೀಲದ ಕಿವಿ

ಬ್ಯಾಡಗಿ, ಗುರುವಾರ. ಗಾಳಿಯೊಳಗ ಖಾರ.
ದಲಾಲಿ ಅಂಗಡಿಯ ಮಾಳಿಗಿ ಮ್ಯಾಲ
ಮೂಗಿಗೆ ವಲ್ಲಿ ಸುತ್ತಿಕೊಂಡು
ಕಪ್ಪು ಪರದೆಗೆ ಒಂದೊಂದೇ ವಿಳಾಸ ಉಣಸತಿದ್ದೆ:
ವಾರ ಇಂಥಾದ್ದು, ಲಾಟು ಇಂಥಾದ್ದು, ತಳಿ ಡಬ್ಬಿಯೋ ಕಡ್ಡಿಯೋ,
ನಡುನಡುವ ಆ ಗಂಟುಮೋರಿ ಅಕ್ಷರ, &.
'ಮತ್ತು' ಅಂತ ನಾನು ಓದಿದ್ದು.

ಶೆಲ್ಲು ಹಂಗ ಓದೂದಿಲ್ಲ.
ಅದಕ್ಕ & ಅಂದ್ರ
ಇಷ್ಟು ಸಾಕು, ಇದನ್ನ ಹಿಂಬಾಗಿಲಿಗೆ ಕಳಿಸು, ಮುಂದಿಂದು ಹೇಳು.
ವಾರವನ್ನಷ್ಟ ಹೊತ್ತು ಕೇಳಿಕೆ ಹೋತು.
ಲಾಟು 412 ಇಲ್ಲೇ ಉಳೀತು,
ಯಾರೂ ಕರೀದ ಹೆಸರು, ಯಾರೂ ಓದದ ಬೆಲೆ.
ಪರದೆ ಮ್ಯಾಲ [1] ಅಂತೊಂದು ಅಂಕಿ.
ತಪ್ಪು ಅಂತ ಅನ್ನಲೇ ಇಲ್ಲ.

ಮಧ್ಯಾಹ್ನಕ್ಕ ನಲವತ್ತು ಚೀಟಿ, ನಲವತ್ತರಾಗೂ ಒಂದ ದರ.
ಹಜರತಬಿ ತನ್ನದನ್ನ ಮೇಜಿನ ಮ್ಯಾಲ ಒಗದಳು:
"ನಂದು ಡಬ್ಬಿ. ಇದು ಯಾರದೋ ಕಡ್ಡೀ ದರ.
ನಿನ್ನ ಮಷೀನಿಗೆ ಮೂಗಿಲ್ಲೇನು?"

ಕೆಳಗ ಗಾಳೆವ್ವ ಚೀಲ ಹೊಲೀತಿದ್ದಳು.
ದಬ್ಬಣ, ಸುತಳಿ, ಎಂಟೋ ಒಂಬತ್ತೋ ಹೊಲಿಗಿ.
ಅದಕ್ಕೂ ಮೊದಲು ಆ ತುದಿಗೊಂದು ಈ ತುದಿಗೊಂದು
ಬಾಯಂಚು ಹಿಂಡಿ ಕಿವಿ ಕಟ್ಟತಾಳ.
"ಒಂದ ಕಿವಿ ಕಟ್ಟಿದ್ರ?"
"ಲಾರಿ ಮೋಟೆಬೆನ್ನೂರು ದಾಟೂದರಾಗ
ಅರ್ಧ ಮೆಣಸಿನಕಾಯಿ ರಸ್ತೆಗೆ."

ಮ್ಯಾಲ ಹತ್ತಿ ಬಂದು ವಿಳಾಸಕ್ಕ ಎರಡು ಕಿವಿ ಕಟ್ಟಿದೆ,
ಈ ಕಡೆ ' ಆ ಕಡೆ '
ಒಳಗ & ಬರೇ & ಆತು, ? ಬರೇ ?
ಯಾರೂ ಯಾರಿಗೂ ಹುಕುಂ ಕೊಡಲಿಲ್ಲ.
ಜೋಡಿ " ಕೂಡ ಹಿಡಿತೈತಿ,
ಆದರ ಅದರ ನೇಯ್ಗಿ ಸಡಿಲ;
$ ಸಂದಿನಿಂದ ಕೈ ಹೊರಗ ಚಾಚಿ
ತನ್ನ ಪಾಲು ತರಿಸಿಕೊಳ್ಳತೈತಿ.

ಗೆದ್ದೆ ಅಂದುಕೊಂಡೆ.
ಸಂಜೀಕ ಹುಬ್ಬಳ್ಳಿಯ ಖರೀದಿದಾರ, ಡಿ'ಮೆಲ್ಲೊ.
ಹೆಸರಿನ ನಟ್ಟನಡುವ ನನ್ನದೇ ದಬ್ಬಣದ ಮೊನಿ!
ಚೀಲ ಒಳಗಿಂದ ಹರೀತು.
> ಅಂತ ಬಾಯಿ ತೆರೆದು ಪರದೆ ಕುಂತ ಬಿಟ್ಟಿತು,
ಇನ್ನೊಂದು ಕಿವಿ ಬಂದೀತು ಅಂತ ಕಾಯಕೋತ.
ಆ ಮೊನಿಯನ್ನ %27 ಅಂತ ಬರೆದೆ.
ಹೆಸರು ವೇಷ ಹಾಕಿ ಹೋತು,
ಮುಟ್ಟಿದಲ್ಲೆ ಕಳಚಿಟ್ಟು ಮತ್ತ ಡಿ'ಮೆಲ್ಲೊ ಆತು.

ನಾಳೆ ಯಾರಾರ ಹೆಸರಿನ ಜಾಗಾದಾಗ
ಒಂದು ; ಹಾಕಿ, ಅದರ ಬೆನ್ನಿಗೆ
ಎಲ್ಲಾ ಅಳಿಸು ಅಂತ ಬರೆದ್ರ?
ಕಿವಿ ಇಲ್ಲದ ಚೀಲ ಮಾರಾಯ್ರ,
ಹೆಸರು ಯಾವುದು ಹುಕುಂ ಯಾವುದು ಅಂತ ಕೇಳೂದಿಲ್ಲ.
ರಾತ್ರಿ ಕುಂತು ಹಳೇ ಸಾಲು ಎಲ್ಲಾ ತಿರುವಿ ಹಾಕಿದೆ,
ಹದಿನೇಳು ಕಡೆ ಬಾಯಿ ಬಿಚ್ಚಿದ್ದು.

ಹಜರತಬಿ ಹೊಸ ಚೀಟಿ ಓದಲಿಲ್ಲ,
ಮೂಗಿಗೆ ಹಿಡಿದು ಮೂಸಿದಳು.
"ಹ್ಞಾಂ, ಡಬ್ಬಿ," ಅಂದಳು.
ನನಗ ಸೀನು ಬಂತು.