ಸಹಿ ಹೊಂದುವುದಿಲ್ಲ

ಆರೈಕೆ ಸೇವೆಗೆ ಹೆಸರು ಬರೆಸಿದ ದಿನ
ಸೌಲಭ್ಯಗಳನ್ನು ಓದಿ ಹೇಳಿದರು:
ತಿಂಗಳಿಗೆ ಸಾವಿರದ ಎಂಟುನೂರು, ಬಸ್ ಪಾಸು,
ಎರಡು ಲಕ್ಷದ ವಿಮೆ, ನೀಲಿ ಕೋಟು ಒಂದು,
ವರ್ಷ ತುಂಬಿದರೆ ಸರ್ಟಿಫಿಕೇಟು.
ಅದಕ್ಕೆ ನರ್ಸಿಂಗ್ ಸೀಟಿನಲ್ಲಿ ಐದು ಅಂಕ ಸಿಗಬಹುದು,
ಸಿಗದೆಯೂ ಇರಬಹುದು.
ನಾನು ‘ಸಿಗಬಹುದು’ ಎಂಬಲ್ಲಿಗೇ ಕೇಳಿಸಿಕೊಂಡೆ.

ಭದ್ರಾವತಿಯಿಂದ ಏಳೂವರೆಯ ಬಸ್ಸು.
ಹೊಳೆ ಬಸ್‌ಸ್ಟಾಪಿನಲ್ಲಿ ಇಳಿದು ಎರಡು ಅಡ್ಡರಸ್ತೆ,
ಹಯಾತ್ ಸಾಹೇಬರ ಮನೆ.
ಅವರಿಗೆ ನಡುಕ, ಆರು ವರ್ಷದ್ದು.
ಕೈಯಿಂದ ಗದ್ದಕ್ಕೆ, ಗದ್ದದಿಂದ ಕಾಲಿಗೆ,
ಬಾಡಿಗೆಗೆ ಬಂದವರ ಹಾಗೆ
ಒಂದೊಂದೇ ಕೋಣೆ ಹಿಡಿದಿದೆ.
ನಾನು ಹೊಸ್ತಿಲು ದಾಟಿದ್ದೇ ತಡ, ಬಿಲ್ಕೀಸಮ್ಮ
ಬಾಗಿಲ ಹಿಂದಿನ ಚಾಪೆ ಬಿಡಿಸಿ ಮಲಗುತ್ತಾರೆ,
ಕೊಡೆ ಮಡಚಿದಂತೆ, ಒಂದೇ ಸಲಕ್ಕೆ.
ಮೂರು ಗಂಟೆ.
ಯೋಜನೆಯ ಹಾಳೆಯಲ್ಲಿ ಆ ನಿದ್ದೆಗೆ ಕಾಲಂ ಇಲ್ಲ.

ಸಾಹೇಬರು ಬೋರ್ಡು ಬರೆಯುತ್ತಿದ್ದವರು.
ಗಾಂಧಿ ಬಜಾರಿನ ಬಳೆ, ಬೆಳ್ಳಿ, ಬೀಗ,
ದುರ್ಗಿಗುಡಿಯ ಹಲ್ಲಿನ ಡಾಕ್ಟರು,
ಬಿ.ಎಚ್. ರಸ್ತೆಯ ಪಂಚರು,
ಎಲ್ಲಕ್ಕೂ ಅಕ್ಷರ ಅವರದೇ.
ಗಡ್ಡ ಬೋಳಿಸುವಾಗ ನನಗೆ ಪಾಠ:
‘ತಲೆಕಟ್ಟು ಕೊನೆಗೆ, ಮಗಾ. ಮೊದಲು ಹೊಟ್ಟೆ.
ಹೊಟ್ಟೆ ಸರಿಯಿದ್ದರೆ ತಲೆ ತಾನೇ ಕೂರುತ್ತೆ.’
ಬ್ಲೇಡು ಹಿಡಿದವಳು ನಗಬಾರದು.
ಅವರು ನಗಿಸುವುದು ಆಗಲೇ.

ಪ್ರತಿ ಭೇಟಿಗೂ ಫಲಾನುಭವಿಯ ಸಹಿ ಬೇಕು.
ಫಲಾನುಭವಿ!
ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದರು:
‘ಎರಡು ಮಹಾಪ್ರಾಣ. ಬೋರ್ಡು ಅಗಲ ಬೇಕು.’
ಸೋಮವಾರದ ಸಹಿ ಇರುವೆ ಸಾಲು,
ಬುಧವಾರದ್ದು ಹರಿದ ಬಲೆ,
ಶುಕ್ರವಾರ ಪೆನ್ನು ಕಾಗದ ದಾಟಿ
ಹಾಸಿಗೆಯ ಮೇಲೂ ಸ್ವಲ್ಪ ದೂರ ಹೋಯಿತು.

ಮೂರು ತಿಂಗಳು ಹಣ ಬರಲಿಲ್ಲ.
ಕಚೇರಿಯಲ್ಲಿ ಕರಿಸಿದ್ದಯ್ಯನವರು ಕಡತ ತೆರೆದರು.
ಔಷಧಿ ಹಿಡಿದಿದ್ದ ಯಾವುದೋ ಒಳ್ಳೆಯ ಬೆಳಿಗ್ಗೆ
ನಮೂನೆ ಒಂದಕ್ಕೆ ಹಾಕಿದ್ದ ಸಹಿ;
ಪಕ್ಕದಲ್ಲಿ ಈಗಿನವು.
‘ಹೊಂದೋದಿಲ್ಲಮ್ಮ.’
ಕೆಟ್ಟವರಲ್ಲ, ಕುರ್ಚಿ ಎಳೆದುಕೊಟ್ಟರು.
‘ಆಡಿಟ್‌ನವರು ನನ್ನ ಕುತ್ತಿಗೆಗೆ ಬರ್ತಾರೆ.
ಹೆಬ್ಬೆಟ್ಟು ಒತ್ತಿಸಿಬಿಡಿ, ತಕರಾರೇ ಇಲ್ಲ.’
ಅವರ ನೆತ್ತಿಯ ಮೇಲೆ ಹಳೆಯ ಹಲಗೆ:
ಲಂಚ ಕೊಡುವುದೂ ಪಡೆಯುವುದೂ ಅಪರಾಧ.
ಆ ‘ಧ’ದ ಹೊಟ್ಟೆ ನನಗೆ ಗುರುತು ಸಿಕ್ಕಿತು.
ಮೂಲೆಯಲ್ಲಿ ಸಾಸಿವೆಯಷ್ಟು: ಹಯಾತ್ ಆರ್ಟ್ಸ್.
‘ಇಗೋ ಸಾರ್, ಅಸಲಿ ಸಹಿ.’
ತಿರುಗಿ, ಕನ್ನಡಕ ತೆಗೆದು, ತುಂಬಾ ಹೊತ್ತು ನೋಡಿದರು.
‘ಇದನ್ನ ಕಡತಕ್ಕೆ ಹೇಗಮ್ಮ ಲಗತ್ತಿಸೋದು?’

ಇಂಕ್ ಪ್ಯಾಡು ಕಂಡು ಸಾಹೇಬರು ಗೋಡೆ ಕಡೆ ಹೊರಳಿದರು.
ಗಂಜಿ ಮುಗಿಯುವವರೆಗೆ ಮಾತಿಲ್ಲ.
‘ಐವತ್ತು ವರ್ಷ ಅಕ್ಷರದ ಅನ್ನ ತಿಂದಿದ್ದೇನೆ.’
ನಾನು ಪ್ಯಾಡನ್ನು ಕೋಟಿನ ಜೇಬಿಗೆ ತುರುಕಿದೆ,
ಅದು ಸೋರಿತು.
ಹೊಸ ಕೋಟು ಬರುವುದು ಮುಂದಿನ ವರ್ಷ.

ಚಾಪೆಯ ಮೇಲಿಂದ ಬಿಲ್ಕೀಸಮ್ಮ,
ಯಾವಾಗ ಎಚ್ಚರಾಗಿತ್ತೋ:
‘ನಿಕಾಹದ ದಿನ ನಾನು ಒತ್ತಿದ್ದು ಇದೇ ಬೆರಳು.
ನಲವತ್ತೊಂದು ವರ್ಷ ಹೊಂದಿದೆಯಲ್ಲ?’

ಗೋಡೆ ಕಡೆಗೇ ಮುಖ ಇಟ್ಟುಕೊಂಡು
ಕೈಯೊಂದನ್ನು ಹಿಂದಕ್ಕೆ ಚಾಚಿದರು.
ನಡುಗುವ ಹೆಬ್ಬೆರಳು ಒಂದು ಒತ್ತಿಗೆ ಎರಡು ಮೂಡಿತು.
ಅದನ್ನು ಒಪ್ಪುತ್ತಾರೋ ಇಲ್ಲವೋ.
ಹಣ ಮಾರ್ಚ್ ಕಳೆದ ಮೇಲೆ ಬರುತ್ತದಂತೆ.

ಸಂಜೆ ಬಸ್ಸಿನ ಬೋರ್ಡು ನೋಡಿದೆ, ಯಂತ್ರದ ಅಕ್ಷರ,
ಹೊಟ್ಟೆಯೇ ಇಲ್ಲ.
ಕಿಟಕಿಯ ದೂಳಿನಲ್ಲಿ ಬೆರಳಾಡಿಸಿ
‘ಭದ್ರಾವತಿ’ ಬರೆಯತೊಡಗಿದೆ.
ಮಹಾಪ್ರಾಣಕ್ಕೇ ಜಾಗ ಜಾಸ್ತಿ ಹೋಗಿ
‘ತಿ’ ಮುಂದಿನ ಸೀಟಿನವರ ಗಾಜಿಗೆ ದಾಟಿತು.
ಅವರು ಏನೂ ಅನ್ನಲಿಲ್ಲ,
ಸ್ವಲ್ಪ ಸರಿದು ಕೂತರು.