ಎಡಗಿವಿಯ ಹಗ್ಗ

ಹತ್ತೊಂಬತ್ತು ಸಲ ಆನೆಯ ಕಿವಿ ಜಗ್ಗಿದ್ದೇನೆ,
ಆನೆಯನ್ನು ನೋಡಿಲ್ಲ.
ಅಂದರೆ, ಅದು ಹೊರಟು ನಿಂತ ಮೇಲೆ ನೋಡಿಲ್ಲ.
ಲೆಯಾಲುಯಿಯ ದಡದಲ್ಲಿ ಬಣ್ಣ ಬಳಿಯುವಾಗ ನೋಡಿದ್ದುಂಟು;
ಆಗ ಅದು ಬರೀ ಬೆತ್ತ, ಬಟ್ಟೆ, ತಂತಿ,
ಅಂಟಿನ ನಾತ.

ಜಾಂಬೆಜಿ ಉಕ್ಕಿ ಬಯಲೆಲ್ಲ ಕಡಲಾಗುವ ಸುದ್ದಿ
ಮೊದಲು ಇಲಿಗಳಿಗೆ ಗೊತ್ತಾಗುತ್ತದೆ, ಆಮೇಲೆ ಇರುವೆಗಳಿಗೆ,
ಕಡೆಗೆ ಅರಮನೆಗೆ.
ಇರುಳೆಲ್ಲ ಮಾವೊಮಾ ನಗಾರಿ ಗುಡುಗಿದರೆ
ಮಲಗಿದವನ ಪಕ್ಕೆಲುಬು ತಾನೇ ಎದ್ದು ಕೂರುತ್ತದೆ.
ಬೆಳಗಾದರೆ ಕುವೊಂಬೊಕಾ.
ನಮ್ಮ ಲೋಜಿ ಮಾತಿನಲ್ಲಿ ಅದರ ಅರ್ಥ ಇಷ್ಟೇ:
ನೀರಿನಿಂದಾಚೆ ಬರುವುದು.
ನೀರಿಗೆ ಹೆದರಿ ಓಡುವುದಲ್ಲ,
ವರ್ಷಕ್ಕೊಮ್ಮೆ ಬರುವ ಹಿರಿಯ ನೆಂಟನಿಗೆ
ಮಂಚ ಬಿಟ್ಟುಕೊಟ್ಟು ಪಡಸಾಲೆಗೆ ಹೋದ ಹಾಗೆ.

ನಾಲಿಕ್ವಾಂಡ ಎಂಬುದು ದೊರೆಯ ದೋಣಿ.
ಮೈತುಂಬ ಕಪ್ಪು ಬಿಳಿ ಪಟ್ಟೆ,
ನೂರು ಹುಟ್ಟು, ಒಂದೇ ಉಸಿರು.
ಚಾವಣಿಯ ಮೇಲೆ ಆನೆ.
ಆನೆಯ ಕೆಳಗೆ, ಕತ್ತಲಲ್ಲಿ, ನಾನು.
ಬಲಗಿವಿ ವಾಮುನ್ಯಿಮಾನದು, ಎಡಗಿವಿ ನನ್ನದು.
'ತೋಳಿನಿಂದ ಜಗ್ಗಬೇಡವೋ' ಅನ್ನುತ್ತಿದ್ದ
ಕಲಿಸಿಕೊಟ್ಟ ಸೋದರಮಾವ ಇಮಾಸಿಕು,
'ಅದೇನು ನೊಣ ಓಡಿಸುತ್ತಿಲ್ಲ,
ಕೇಳಿಸಿಕೊಳ್ಳುತ್ತಿದೆ. ಆ ಹಾಗೆ ಜಗ್ಗು.'

ಮೊರದಗಲದ ಕಿವಿ. ಹಗ್ಗ ಕಿರುಬೆರಳಷ್ಟು.

ದೋಣಿಯಲ್ಲೇ ಒಂದು ಒಲೆ ಉರಿಯುತ್ತದೆ.
ಹೊಗೆ ಕಂಡರೆ ದಡದ ಮಂದಿ
ದೊರೆ ಚೆನ್ನಾಗಿದ್ದಾನೆ ಎಂದು ಚಪ್ಪಾಳೆ ತಟ್ಟುತ್ತಾರೆ.
ಒಳಗಿದ್ದವನಿಗೆ ಆ ಶುಭವಾರ್ತೆ
ಕಣ್ಣು ಮೂಗಿನಲ್ಲಿ ಇಳಿಯುತ್ತದೆ.
ದೊರೆ ಹತ್ತುವಾಗ ನಮ್ಮ ನಾಡಿನ ನಿಲುವಂಗಿಯಂತೆ,
ಲಿಮುಲುಂಗಾದಲ್ಲಿ ಇಳಿಯುವಾಗ
ಹಿಂದೊಬ್ಬ ಇಂಗ್ಲಿಷ್ ರಾಜ ಕೊಟ್ಟ
ನೌಕಾದಂಡನಾಯಕನ ಜರಿಯ ಕೋಟಂತೆ.
ಅಂತೆ ಎನ್ನುತ್ತೇನೆ. ನನಗೆ ಕಾಣುವುದು
ಹಲಗೆಯ ಸಂದಿನಿಂದ ಬೀಳುವ
ಬೆರಳಗಲದ ಬಿಸಿಲು, ಅದರಲ್ಲಿ ತೇಲುವ ಬೂದಿ.

ಆ ವರ್ಷ ನದಿ ಬರಲಿಲ್ಲ.
ಯಾರೂ ಡಂಗುರ ಸಾರಲಿಲ್ಲ,
ಸುಮ್ಮನೆ ನಗಾರಿ ಬಾರಿಸಲಿಲ್ಲ, ಅಷ್ಟೇ.
ಆನೆಗೆ ಟಾರ್ಪಾಲು ಹೊದಿಸಿದರು.

ನಾನು ನಡೆದು ಹೊರಟೆ, ನಾವು ತೇಲುವ ದಾರಿಯಲ್ಲೇ.
ಇಲ್ಲಿ ಹುಟ್ಟುಗಾರರು ಪದ ಎತ್ತುವ ತಿರುವು: ದನದ ಹೆಜ್ಜೆ, ಒಣ ಸಗಣಿ.
ಇಲ್ಲಿ ಆಳ ಎಂದು ಎಲ್ಲರೂ ಸುಮ್ಮನಾಗುವ ಜಾಗ:
ಒಬ್ಬ ಹುಡುಗ ಚೆಂಡು ಒದೆಯುತ್ತಿದ್ದ.
ಹತ್ತೊಂಬತ್ತು ಸಲ ಬಂದ ದಾರಿ,
ಕೇಳಿ ಕೇಳಿ ಕೊನೆಗೆ ಮುಟ್ಟಿದೆ.

ಲಿಮುಲುಂಗಾದ ವಸತಿಗೃಹದಲ್ಲಿ ಒಬ್ಬಳೇ ಅತಿಥಿ.
ವಿಂಡ್‌ಹುಕ್‌ನಿಂದ ಬಂದವಳು, ಟಿಕೆಟ್ಟಿನ ದುಡ್ಡು ವಾಪಸ್ಸಿಲ್ಲ ಎಂದು
ಉತ್ಸವವಿಲ್ಲದ ಉತ್ಸವಕ್ಕೆ ಬಂದೇಬಿಟ್ಟಿದ್ದಳು.
ಚಹಾ ಕೊಟ್ಟು, ಹೋದ ಸಲದ್ದು ಎಂದು
ಫೋನಿನಲ್ಲಿ ತೋರಿಸಿದಳು.

ಅಂಗೈಯಷ್ಟು ನೀರು. ಅದರ ಮೇಲೆ
ಹೆಬ್ಬೆರಳಷ್ಟು ಆನೆ
ಬರುತ್ತಿತ್ತು.
ನಾನು ಚಹಾ ಕೆಳಗಿಟ್ಟೆ.
ಬೆತ್ತವಿಲ್ಲ, ಬಟ್ಟೆಯಿಲ್ಲ, ತಂತಿಯಿಲ್ಲ,
ಆನೆ.
ಆನೆ ನಡೆದದ್ದೇ ದಾರಿ ಎಂಬಂತೆ
ನೀರು ಎರಡಾಗಿ ಬಿಟ್ಟುಕೊಡುತ್ತಿತ್ತು.

ಆಮೇಲೆ ಎಡಗಿವಿ ಅರ್ಧಕ್ಕೆ ನಿಂತಿತು.
'ನೋಡಿ, ಇಲ್ಲಿ ಏನೋ ಕೇಳಿಸಿಕೊಂಡಿತು,
ಮೈ ಜುಮ್ಮೆಂದಿತ್ತು ನನಗೆ' ಅಂದಳು.
ನನಗೆ ನೆನಪಿತ್ತು. ಹೊಗೆ ಜಾಸ್ತಿಯಾಗಿ
ಸೀನಿದ್ದೆ, ಎರಡು ಸಲ.
ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ
'ಇನ್ನೊಮ್ಮೆ ಹಾಕಿ' ಎಂದೆ.

ಮರುದಿನ ವಾಪಸು ಬಂದು ಟಾರ್ಪಾಲಿನಡಿ ತೂರಿದೆ.
ಎಡಗಿವಿಯ ಹಗ್ಗವನ್ನು
ಮೊಳದುದ್ದ ಇಲಿ ಕಡಿದಿತ್ತು.
ಬೈಯಬೇಕೆಂದು ಕಡ್ಡಿ ಗೀರಿದರೆ
ಮೂಲೆಯಲ್ಲಿ ಆರು ಮರಿ, ಕಣ್ಣು ಬಿಟ್ಟಿರಲಿಲ್ಲ.
ಇನ್ನೂ ಇಲ್ಲೇ ಇವೆ, ಅಂದರೆ
ನೆಂಟ ಇನ್ನೂ ಹೊರಟಿಲ್ಲ.

ಹೊಸ ಹಗ್ಗ ಹೊಸೆಯುತ್ತಿದ್ದೇನೆ.
ಅವು ಎದ್ದು ಹೋಗುವ ಸದ್ದಿಗೆ
ಒಂದು ಕಿವಿ ಇಟ್ಟು.